ಕಲ್ಲುಗಳ ಕಾವಲುಗಾರ ಒಸ್ಮಾನ್ ಹಮ್ದಿ ಬೇ

ಒಂದು ನಾಡಿನ ಚರಿತ್ರೆಯನ್ನು ಪುಸ್ತಕದಲ್ಲಿ ಓದುವುದು ಒಂದು ಬಗೆ. ಅದನ್ನು ಕಣ್ಣಾರೆ ಕಾಣುವುದು ಇನ್ನೊಂದು ಬಗೆ. ಎರಡನೆಯ ಬಗೆಯ ಪಾಠಶಾಲೆಯೇ ವಸ್ತುಸಂಗ್ರಹಾಲಯ. ತುರ್ಕಿ ದೇಶಕ್ಕೆ ಪ್ರವಾಸ ಹೋದವರು ಇಂತಹ ಪಾಠಶಾಲೆಗಳನ್ನು ಊರೂರಿನಲ್ಲಿ ಕಾಣುತ್ತಾರೆ. ಇಸ್ತಾಂಬುಲ್, ಅಂಕಾರಾ, ಬುರ್ಸಾ, ಕೊನ್ಯಾ ಮೊದಲಾದ ನಗರಗಳಲ್ಲಿ ಸಾವಿರಾರು ವರ್ಷಗಳ ಹಿಂದಿನ ಶಿಲ್ಪ, ಶಾಸನ, ನಾಣ್ಯ, ಮಡಕೆಗಳನ್ನು ಒಪ್ಪವಾಗಿ ಜೋಡಿಸಿ ಇಟ್ಟಿದ್ದಾರೆ. ಆದರೆ ನೂರೈವತ್ತು ವರ್ಷಗಳ ಹಿಂದೆ ಸ್ಥಿತಿ ಹೀಗಿರಲಿಲ್ಲ. ಆ ನೆಲದಲ್ಲಿ ಅಗೆದು ತೆಗೆದ ಒಳ್ಳೆಯ ವಸ್ತುಗಳೆಲ್ಲ ಹಡಗು ಹತ್ತಿ ಹೊರನಾಡಿಗೆ ಹೋಗುತ್ತಿದ್ದವು. ಹೋಗುವುದನ್ನು ತಡೆದು, ಉಳಿದುದಕ್ಕೆ ಒಂದು ಮನೆ ಕಟ್ಟಿಕೊಟ್ಟವರಲ್ಲಿ ಮೊದಲಿಗರು ಒಸ್ಮಾನ್ ಹಮ್ದಿ ಬೇ. ‘ಬೇ’ ಎಂಬುದು ಹೆಸರಿನ ಭಾಗವಲ್ಲ. ನಮ್ಮಲ್ಲಿ ಹೆಸರಿನ ಮುಂದೆ ‘ರಾಯರು’ ಎನ್ನುವಂತೆ ಅವರಲ್ಲಿ ಗೌರವದ ಮಾತು.

ಹಮ್ದಿಯವರ ಕತೆಯನ್ನು ಅವರ ತಂದೆಯಿಂದ ಆರಂಭಿಸಬೇಕು. ತಂದೆ ಇಬ್ರಾಹಿಂ ಎದ್ಹೆಂ ಪಾಷಾ ಹುಟ್ಟಿದ್ದು ಕಿಯೋಸ್ ಎಂಬ ದ್ವೀಪದ ಗ್ರೀಕ್ ಮನೆತನದಲ್ಲಿ. 1822ರಲ್ಲಿ ಆ ದ್ವೀಪದಲ್ಲಿ ಭೀಕರ ಹತ್ಯಾಕಾಂಡ ನಡೆಯಿತು. ಎಳೆಯ ಬಾಲಕನು ಸೆರೆಯಾಗಿ, ಗುಲಾಮನಾಗಿ ಮಾರಾಟಗೊಂಡು, ಇಸ್ತಾಂಬುಲಿನ ಹಿರಿಯ ಅಧಿಕಾರಿಯೊಬ್ಬರ ಮನೆ ಸೇರಿದನು. ಆ ಅಧಿಕಾರಿ ಹುಡುಗನ ಬುದ್ಧಿಯನ್ನು ಗುರುತಿಸಿ ಪ್ಯಾರಿಸ್ಸಿಗೆ ಓದಲು ಕಳುಹಿಸಿದರು. ಗುಲಾಮನಾಗಿ ಬಂದ ಬಾಲಕ ಗಣಿವಿದ್ಯೆಯ ಇಂಜಿನಿಯರಾಗಿ ಮರಳಿದನು. ಮುಂದೆ 1877ರಲ್ಲಿ ಇಡೀ ಆಟೋಮನ್ ಸಾಮ್ರಾಜ್ಯದ ಮಹಾಮಂತ್ರಿಯ ಪೀಠವನ್ನೇ ಏರಿದನು. ವಿದ್ಯೆ ಮನುಷ್ಯನನ್ನು ಎಲ್ಲಿಂದ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಈ ತಂದೆಯ ಮಗನಾಗಿ ಒಸ್ಮಾನ್ ಹಮ್ದಿಯವರು 1842ರ ಡಿಸೆಂಬರ್ 30ರಂದು ಇಸ್ತಾಂಬುಲಿನಲ್ಲಿ ಜನಿಸಿದರು. ಮಗನು ಕಾನೂನು ಓದಿ ಸರಕಾರದ ದೊಡ್ಡ ಹುದ್ದೆಗೆ ಬರಲೆಂದು 1860ರಲ್ಲಿ ಅವರನ್ನು ಪ್ಯಾರಿಸ್ಸಿಗೆ ಕಳುಹಿಸಲಾಯಿತು. ಅಲ್ಲಿ ಅವರ ಮನಸ್ಸನ್ನು ಸೆಳೆದದ್ದು ಕಾನೂನಿನ ಪುಸ್ತಕವಲ್ಲ, ಚಿತ್ರಕಲೆ. ಬುಲಾಂಜೆ, ಜೆರೋಮ್ ಎಂಬ ಹೆಸರಾಂತ ಚಿತ್ರಕಾರರ ಪ್ರಭಾವದಲ್ಲಿ ಅವರು ಕುಂಚ ಹಿಡಿಯಲು ಕಲಿತರು. 1867ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಅವರ ಚಿತ್ರಗಳೂ ಇದ್ದವು. ಮನೆಯವರ ಅಪೇಕ್ಷೆ ಒಂದು, ಮಗನ ಒಲವು ಇನ್ನೊಂದು. ಇದು ಅಂದಿಗೂ ಇಂದಿಗೂ ಮನೆಮನೆಯ ಕತೆ. ಹಮ್ದಿಯವರು ಎರಡನ್ನೂ ಕೈಬಿಡಲಿಲ್ಲ. ಊರಿಗೆ ಮರಳಿ ಸರಕಾರಿ ಕೆಲಸಕ್ಕೂ ಸೇರಿದರು, ಕುಂಚವನ್ನೂ ಕೆಳಗಿಡಲಿಲ್ಲ.

1869ರಲ್ಲಿ ಅವರು ಮಿದ್ಹತ್ ಪಾಷಾ ಎಂಬ ಸುಧಾರಣಾವಾದಿ ಆಡಳಿತಗಾರರೊಂದಿಗೆ ಬಾಗ್ದಾದಿಗೆ ಹೋಗಿ ಸುಮಾರು ಎರಡು ವರ್ಷ ದುಡಿದರು. ಅಲ್ಲಿಂದ ತಂದೆಗೆ ಅವರು ಬರೆದ ಕಾಗದಗಳು ಫ್ರೆಂಚ್ ಭಾಷೆಯಲ್ಲಿವೆ. ಮನೆಯಲ್ಲಿ ಒಂದು ಮಾತು, ಕಚೇರಿಯಲ್ಲಿ ಇನ್ನೊಂದು ಮಾತು ಎಂದು ಬಾಳುವ ಗಡಿನಾಡಿನ ನಮಗೆ ಇದು ವಿಚಿತ್ರವೆನಿಸದು. ಎರಡು ಭಾಷೆಗಳ ಬಲ್ಮೆ ಅವರಿಗೆ ಹೊರೆಯಾಗಲಿಲ್ಲ. ಮುಂದೆ ಯುರೋಪಿನ ವಿದ್ವಾಂಸರ ಎದುರು ಅವರದೇ ಭಾಷೆಯಲ್ಲಿ ವಾದಿಸಿ, ತನ್ನ ನೆಲದ ಹಕ್ಕನ್ನು ಉಳಿಸಿಕೊಳ್ಳಲು ಅದೇ ಆಯುಧವಾಯಿತು. 1873ರಲ್ಲಿ ವಿಯೆನ್ನಾ ಮಹಾಪ್ರದರ್ಶನದ ತುರ್ಕಿ ವಿಭಾಗದ ಹೊಣೆ ಅವರದಾಗಿತ್ತು. 1875ರಲ್ಲಿ ಇಸ್ತಾಂಬುಲಿನ ಕಡಿಕೋಯ್ ಭಾಗದ ಮೊದಲ ನಗರಾಧ್ಯಕ್ಷರಾಗಿಯೂ ಅವರು ಕೆಲಸ ಮಾಡಿದರು.

ಇನ್ನು ಆ ಕಾಲದಲ್ಲಿ ಪ್ರಾಚೀನ ವಸ್ತುಗಳ ಸ್ಥಿತಿಯೇನಿತ್ತೆಂದು ನೋಡೋಣ. ಹಳೆಯ ಟ್ರಾಯ್ ಪಟ್ಟಣದ ನೆಲೆಯಲ್ಲಿ ಅಗೆದ ಜರ್ಮನಿಯ ಶ್ಲೀಮನ್ 1873ರಲ್ಲಿ ತನಗೆ ದೊರೆತ ಚಿನ್ನದ ಒಡವೆಗಳನ್ನು ಗುಟ್ಟಾಗಿ ಸಾಗಿಸಿದನು. ಸರಕಾರ ನ್ಯಾಯಾಲಯಕ್ಕೆ ಹೋಯಿತು. ಕಡೆಗೆ ಹಣದ ಪರಿಹಾರ ಸಿಕ್ಕಿತೇ ಹೊರತು ಒಡವೆ ಮರಳಿ ಬರಲಿಲ್ಲ. 1874ರಲ್ಲಿ ಒಂದು ನಿಯಮವೇನೋ ಬಂತು. ಅದರಂತೆ ಸಿಕ್ಕಿದ ವಸ್ತುಗಳಲ್ಲಿ ಮೂರರಲ್ಲಿ ಒಂದು ಪಾಲು ಅಗೆದವನಿಗೆ, ಒಂದು ಪಾಲು ಹೊಲದ ಒಡೆಯನಿಗೆ, ಒಂದು ಪಾಲು ಸರಕಾರಕ್ಕೆ. ಹೊಲದ ಒಡೆಯನ ಪಾಲನ್ನು ಹಣ ಕೊಟ್ಟು ಕೊಳ್ಳುವುದು ಕಷ್ಟವಿರಲಿಲ್ಲ. ಪೆರ್ಗಮನ್ನಿನಲ್ಲಿ 1878ರಿಂದ ಜರ್ಮನರು ಅಗೆದು ತೆಗೆದ ಮಹಾವೇದಿಕೆಯ ಉಬ್ಬುಶಿಲ್ಪಗಳು ಬರ್ಲಿನ್ ಸೇರಿದವು. ಇಂದಿಗೂ ಆ ಬೆಟ್ಟವನ್ನೇರಿದವರಿಗೆ ಕಾಣುವುದು ವೇದಿಕೆಯ ಅಡಿಪಾಯ ಮಾತ್ರ.

ರಾಜಧಾನಿಯಲ್ಲಿ ವಸ್ತುಸಂಗ್ರಹಾಲಯವೆಂಬ ಹೆಸರಿನದೊಂದು ಇತ್ತು. 1846ರಿಂದ ಒಂದು ಹಳೆಯ ಇಗರ್ಜಿಯಲ್ಲಿ ಆಯುಧಗಳ ಜೊತೆಗೆ ಪುರಾತನ ಶಿಲ್ಪಗಳನ್ನೂ ಕೂಡಿಹಾಕುತ್ತಿದ್ದರು. 1869ರಲ್ಲಿ ಅದಕ್ಕೆ ಸಾಮ್ರಾಜ್ಯದ ವಸ್ತುಸಂಗ್ರಹಾಲಯವೆಂದು ಹೆಸರಿಟ್ಟು, ಗಲಾತಸರಾಯ್ ಪ್ರೌಢಶಾಲೆಯ ಅಧ್ಯಾಪಕರಾಗಿದ್ದ ಆಂಗ್ಲರೊಬ್ಬರನ್ನು ನಿರ್ದೇಶಕರನ್ನಾಗಿ ಮಾಡಿದರು. ಬಳಿಕ ಜರ್ಮನ್ ವಿದ್ವಾಂಸರೊಬ್ಬರು ಬಂದರು. ಅವರು ತೀರಿಕೊಂಡ ಮೇಲೆ 1881ರಲ್ಲಿ ಆ ಸ್ಥಾನಕ್ಕೆ ಹಮ್ದಿಯವರ ನೇಮಕವಾಯಿತು. ಆಗ ಅವರಿಗೆ ಮೂವತ್ತೆಂಟು ವರ್ಷ. ಪ್ರಾಕ್ತನಶಾಸ್ತ್ರವನ್ನು ಅವರು ಯಾವ ಕಾಲೇಜಿನಲ್ಲಿಯೂ ಕಲಿತವರಲ್ಲ; ಕೆಲಸದಲ್ಲಿ ಇಳಿದು ಕಲಿತರು.

1883ರಲ್ಲಿ ಅವರು ಓಸ್ಗಾನ್ ಎಂಬ ಶಿಲ್ಪಿಯೊಂದಿಗೆ ನೆಮ್ರುತ್ ಎಂಬ ಪರ್ವತವನ್ನೇರಿದರು. ಎರಡು ಸಾವಿರ ಮೀಟರಿಗೂ ಎತ್ತರದ ಆ ಶಿಖರದಲ್ಲಿ ಕ್ರಿ.ಪೂ. ಒಂದನೆಯ ಶತಮಾನದ ಅಂತಿಯೋಕಸ್ ಎಂಬ ರಾಜನ ಸಮಾಧಿದಿಬ್ಬವೂ ದೇವತೆಗಳ ಬೃಹತ್ ಶಿಲಾಮೂರ್ತಿಗಳೂ ಇವೆ. ಅವುಗಳನ್ನು ಪರಿಶೀಲಿಸಿ, ಅದೇ ವರ್ಷ ಸಚಿತ್ರ ಗ್ರಂಥವನ್ನು ಹೊರತಂದರು.

ಅವರ ಬಾಳಿನ ದೊಡ್ಡ ಕಾರ್ಯ 1884ರ ಕಾಯಿದೆ. ಅದರ ಪ್ರಕಾರ ನೆಲದಲ್ಲಿ ದೊರೆತ ಪ್ರಾಚೀನ ವಸ್ತುವೆಲ್ಲ ರಾಜ್ಯದ ಸೊತ್ತು, ಅದನ್ನು ಗಡಿ ದಾಟಿಸುವಂತಿಲ್ಲ, ಅಪ್ಪಣೆಯಿಲ್ಲದೆ ಅಗೆಯುವಂತಿಲ್ಲ. ಹೊರನಾಡಿನ ವಿದ್ವಾಂಸರು ಬಂದು ಅಗೆಯಬಹುದು, ಅಳೆಯಬಹುದು, ಚಿತ್ರ ಬರೆದುಕೊಳ್ಳಬಹುದು, ಅಚ್ಚು ತೆಗೆದುಕೊಳ್ಳಬಹುದು. ಮೂಲವಸ್ತು ಮಾತ್ರ ಇಲ್ಲಿಯೇ ಉಳಿಯಬೇಕು. ಜ್ಞಾನ ಎಲ್ಲರದು, ವಸ್ತು ನೆಲದ್ದು ಎಂಬುದೇ ಇದರ ಸಾರ.

ಕಾಯಿದೆ ಬಂದು ಮೂರು ವರ್ಷಗಳಲ್ಲಿಯೇ ಅದರ ಬೆಲೆ ಲೋಕಕ್ಕೆ ತಿಳಿಯಿತು. 1887ರಲ್ಲಿ, ಈಗ ಲೆಬನಾನ್ ದೇಶದಲ್ಲಿರುವ ಸಿಡೋನ್ ಪಟ್ಟಣದ ಬಳಿ, ಹೊಲದ ಒಡೆಯನೊಬ್ಬನು ಕಟ್ಟಡದ ಕಲ್ಲಿಗಾಗಿ ಅಗೆಯುತ್ತಿದ್ದಾಗ ಬಾವಿಯಂತಹ ಕುಳಿ ಕಂಡಿತು. ಅದರ ತಳದಲ್ಲಿ ಕಲ್ಲು ಕೊರೆದು ಮಾಡಿದ ಕೋಣೆಗಳು. ಕೋಣೆಗಳಲ್ಲಿ ರಾಜರ ಶಿಲಾ ಶವಪೆಟ್ಟಿಗೆಗಳು! ಸುದ್ದಿ ತಿಳಿದು ಹಮ್ದಿಯವರು ಏಪ್ರಿಲ್ ಕೊನೆಗೆ ತಾವೇ ಬಂದಿಳಿದರು. ಅಷ್ಟು ಭಾರದ ಪೆಟ್ಟಿಗೆಗಳನ್ನು ಕಿರಿದಾದ ಕುಳಿಯಿಂದ ಮೇಲೆತ್ತುವ ಬಗೆ ಹೇಗೆ? ತಗ್ಗಿನಲ್ಲಿದ್ದ ತೋಟದ ಕಡೆಯಿಂದ ಸುರಂಗ ತೋಡಿಸಿದರು. ಒಂದೊಂದೇ ಪೆಟ್ಟಿಗೆಯನ್ನು ಆ ಸುರಂಗದ ಮೂಲಕ ಹೊರಗೆಳೆಸಿ, ಕಡಲತೀರಕ್ಕೆ ಸಾಗಿಸಿ, ಹಡಗಿಗೇರಿಸಿ ಇಸ್ತಾಂಬುಲಿಗೆ ತಂದರು. ಕೆತ್ತನೆಗೆ ಧಕ್ಕೆಯಾಗದಂತೆ ನೋಡಿಕೊಳ್ಳುವ ಚಿಂತೆ ಹಗಲಿರುಳೂ ಅವರದಾಗಿತ್ತು.

ಅವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ‘ಅಲೆಗ್ಸಾಂಡರನ ಶವಪೆಟ್ಟಿಗೆ’. ಹೆಸರು ಕೇಳಿ ಅಲೆಗ್ಸಾಂಡರನೇ ಅದರೊಳಗೆ ಮಲಗಿದ್ದನೆಂದು ಭಾವಿಸಬಾರದು. ಅದು ಸಿಡೋನಿನ ಅಬ್ದಲೋನಿಮಸ್ ಎಂಬ ರಾಜನದಿರಬೇಕೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಮೂರು ಮೀಟರಿಗೂ ಉದ್ದನೆಯ ಅಮೃತಶಿಲೆಯ ಆ ಪೆಟ್ಟಿಗೆಯ ಒಂದು ಮೈಯಲ್ಲಿ ಗ್ರೀಕರಿಗೂ ಪರ್ಷಿಯನರಿಗೂ ನಡೆದ ಯುದ್ಧ, ಇನ್ನೊಂದು ಮೈಯಲ್ಲಿ ಸಿಂಹದ ಬೇಟೆ. ಯುದ್ಧದ ನಡುವೆ ಕುದುರೆಯೇರಿ, ತಲೆಗೆ ಸಿಂಹದ ಮುಖವಾಡದ ಶಿರಸ್ತ್ರಾಣ ತೊಟ್ಟವನೇ ಅಲೆಗ್ಸಾಂಡರ್. ಇಪ್ಪತ್ತಮೂರು ಶತಮಾನಗಳು ಕಳೆದರೂ ಅಲ್ಲಲ್ಲಿ ಬಣ್ಣದ ಗುರುತು ಇನ್ನೂ ಉಳಿದಿದೆ. ಇನ್ನೊಂದು ಪೆಟ್ಟಿಗೆಯ ಸುತ್ತ ಕಂಬಗಳ ನಡುವೆ ಹದಿನೆಂಟು ಹೆಂಗಸರು ದುಃಖಿಸುತ್ತ ನಿಂತಿದ್ದಾರೆ. ಒಬ್ಬಳ ಶೋಕದ ಭಂಗಿ ಇನ್ನೊಬ್ಬಳದಲ್ಲ.

ಇವನ್ನೆಲ್ಲ ಇಡುವುದೆಲ್ಲಿ? 1472ರಲ್ಲಿ ಸುಲ್ತಾನ ಎರಡನೆಯ ಮೆಹಮದನು ಕಟ್ಟಿಸಿದ ‘ಹೆಂಚಿನ ಮಂಟಪ’ವೇ ಆಗ ಸಂಗ್ರಹಾಲಯವಾಗಿತ್ತು. ಬಣ್ಣದ ಮೆರುಗುಹೆಂಚುಗಳ ಆ ಚೆಲುವಾದ ಕಟ್ಟಡ ಸಾಲದಾಯಿತು. ಅದರ ಎದುರಿಗೆ ವಾಲೋರಿ ಎಂಬ ವಾಸ್ತುಶಿಲ್ಪಿಯಿಂದ ಹೊಸ ಭವನ ಕಟ್ಟಿಸಿ 1891ರ ಜೂನ್ 13ರಂದು ತೆರೆದರು. ಸಿಡೋನಿನ ಶವಪೆಟ್ಟಿಗೆಗಳ ಕಂಬ ಮಾಡುಗಳ ಮಾದರಿಯೇ ಕಟ್ಟಡದ ಮುಖಕ್ಕೂ ಸ್ಫೂರ್ತಿ. 1903ರಲ್ಲಿಯೂ 1907ರಲ್ಲಿಯೂ ಅದಕ್ಕೆ ಎರಡು ಪಾರ್ಶ್ವಗಳು ಸೇರಿದವು. ಇದೇ ಇಂದಿನ ಇಸ್ತಾಂಬುಲ್ ಪುರಾತತ್ತ್ವ ವಸ್ತುಸಂಗ್ರಹಾಲಯ.

ಇದೇ ಅಂಗಳದಲ್ಲಿ ಮೂರನೆಯ ಕಟ್ಟಡವೊಂದಿದೆ. ಅದು 1883ರಲ್ಲಿ ಹಮ್ದಿಯವರ ನೇತೃತ್ವದಲ್ಲಿ ಆರಂಭವಾದ ಲಲಿತಕಲಾ ಶಾಲೆಯದಾಗಿತ್ತು. ಈಗ ಅಲ್ಲಿ ಪ್ರಾಚೀನ ಪೂರ್ವದೇಶಗಳ ವಸ್ತುಗಳಿವೆ. ಈಜಿಪ್ಟಿನ ರಾಮ್ಸೆಸ್ ಮತ್ತು ಹಿಟ್ಟೈಟರ ಅರಸ ಹತ್ತುಸಿಲಿ ಇಬ್ಬರೂ ಕ್ರಿ.ಪೂ. ಹದಿಮೂರನೆಯ ಶತಮಾನದಲ್ಲಿ ಮಾಡಿಕೊಂಡ ಶಾಂತಿಒಪ್ಪಂದದ ಮಣ್ಣಿನ ಹಲಗೆಯನ್ನು ಅಲ್ಲಿ ನೋಡಬಹುದು. ಹಮ್ದಿಯವರ ಅಧಿಕಾರಾವಧಿಯಲ್ಲಿಯೇ, 1906ರಲ್ಲಿ ಆರಂಭವಾದ ಬೊಗಾಜ್‌ಕೋಯ್ ಉತ್ಖನನದಲ್ಲಿ ಅದು ದೊರೆಯಿತು. ಅದರ ಪ್ರತಿಕೃತಿಯೊಂದು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಭವನದಲ್ಲಿದೆ.

ವಿದ್ಯಾರ್ಥಿಗಳು ಮೆಚ್ಚುವ ಇನ್ನೊಂದು ಸಂಗತಿಯುಂಟು. ಸಂಗ್ರಹಾಲಯದ ಶಾಖೆಗಳು ಬೇರೆ ಊರುಗಳಲ್ಲಿಯೂ ತಲೆಯೆತ್ತಿದವು. 1904ರಲ್ಲಿ ಬುರ್ಸಾ ನಗರದ ಶಾಖೆ ಆರಂಭವಾದುದು ಅಲ್ಲಿನ ಗಂಡುಮಕ್ಕಳ ಪ್ರೌಢಶಾಲೆಯ ಕಟ್ಟಡದಲ್ಲಿ. ಇಂದು ಆ ಊರಿಗೆ ಹೆಮ್ಮೆಯಾದ ಸಂಗ್ರಹಾಲಯದ ಮೊದಲ ತೊಟ್ಟಿಲು ನಮ್ಮದರಂತಹ ಒಂದು ಶಾಲೆ.

ಮಹನೀಯರ ಜೀವನವನ್ನು ಬರೆಯುವಾಗ ಹೊಗಳಿಕೆಯೊಂದೇ ಸಾಲದು. ಕಾಯಿದೆ ಕಾಗದದಲ್ಲಿ ಬಲವಾಗಿದ್ದರೂ ಅರಸನ ಕೈ ಅದಕ್ಕಿಂತ ಉದ್ದವಾಗಿತ್ತು. ಈಗಿನ ಜೋರ್ಡಾನ್ ದೇಶದಲ್ಲಿದ್ದ ಮ್ಶತ್ತಾ ಅರಮನೆಯ ಕೆತ್ತನೆಯ ಗೋಡೆಯನ್ನು 1903ರಲ್ಲಿ ಸುಲ್ತಾನ ಅಬ್ದುಲ್ ಹಮೀದನು ಜರ್ಮನಿಯ ಚಕ್ರವರ್ತಿಗೆ ಉಡುಗೊರೆಯಾಗಿ ಕೊಟ್ಟುಬಿಟ್ಟನು. ಹಮ್ದಿಯವರು ವಿರೋಧಿಸಿದರು; ನಡೆಯಲಿಲ್ಲ. ಇನ್ನೊಂದು ಪ್ರಶ್ನೆ ಅವರ ಕೆಲಸದ ಒಳಗೇ ಇದೆ. ಸಿಡೋನಿನ ಪೆಟ್ಟಿಗೆಗಳು ಯುರೋಪಿಗೆ ಹೋಗದೆ ಉಳಿದುವು ನಿಜ; ಆದರೆ ಸಿಡೋನಿನಲ್ಲಿಯೂ ಉಳಿಯಲಿಲ್ಲ, ರಾಜಧಾನಿಗೆ ಹೋದವು. ಅಂದು ಒಂದೇ ಸಾಮ್ರಾಜ್ಯವಾಗಿದ್ದುದು ಇಂದು ಬೇರೆ ಬೇರೆ ದೇಶ. ಗಡಿಗಳು ಬದಲಾದಾಗ ಪೂರ್ವಿಕರ ಆಸ್ತಿ ಯಾರದು? ಗಡಿಯಲ್ಲಿ ಬಾಳುವವರು ಈ ಪ್ರಶ್ನೆಯನ್ನು ಬೇರೆಯವರಿಗಿಂತ ಬೇಗ ಅರ್ಥಮಾಡಿಕೊಳ್ಳುತ್ತಾರೆ. ಇದಕ್ಕೆ ಸುಲಭದ ಉತ್ತರವಿಲ್ಲ. ಆದರೆ ವಸ್ತು ಒಡೆಯದೆ, ಕಳೆಯದೆ ಉಳಿದಿರುವುದರಿಂದಲೇ ಈ ಪ್ರಶ್ನೆಯನ್ನು ಕೇಳಲು ನಮಗೆ ಸಾಧ್ಯವಾಗಿದೆ ಎಂಬುದನ್ನೂ ಮರೆಯುವಂತಿಲ್ಲ.

ಇಷ್ಟು ಕೆಲಸಗಳ ನಡುವೆಯೂ ಅವರು ಚಿತ್ರ ಬರೆಯುವುದನ್ನು ಬಿಡಲಿಲ್ಲ. ಅನೇಕ ಚಿತ್ರಗಳಿಗೆ ತಾವೇ ವೇಷ ತೊಟ್ಟು ಮಾದರಿಯಾಗುತ್ತಿದ್ದರು. 1906ರಲ್ಲಿ ಬರೆದ ‘ಆಮೆಗಳನ್ನು ಪಳಗಿಸುವವನು’ ಎಂಬ ಚಿತ್ರ ತುರ್ಕಿಯಲ್ಲಿ ಮನೆಮಾತು. ಕೆಂಪು ನಿಲುವಂಗಿಯ ಮುದುಕನೊಬ್ಬ ಕೈಗಳನ್ನು ಹಿಂದೆ ಕಟ್ಟಿ ಕೊಳಲು ಹಿಡಿದು ನಿಂತಿದ್ದಾನೆ. ಕಾಲ ಬುಡದಲ್ಲಿ ಆಮೆಗಳು ತಮ್ಮ ಪಾಡಿಗೆ ಎಲೆ ಮೇಯುತ್ತಿವೆ. ನಿಧಾನವಾಗಿ ಚಲಿಸುವ ಸಮಾಜವನ್ನು ತಾಳ್ಮೆಯಿಂದ ತಿದ್ದಲು ಹೊರಟವನ ಚಿತ್ರವಿದು ಎಂದು ಬಹುಜನ ಅರ್ಥಮಾಡುತ್ತಾರೆ. ಅಧ್ಯಾಪಕ ವೃತ್ತಿಯ ನಮಗಂತೂ ಆ ಮುದುಕನು ಬಹಳ ಹತ್ತಿರದ ಬಂಧುವಿನಂತೆ ಕಾಣುತ್ತಾನೆ! ಈ ಚಿತ್ರ 2004ರಿಂದ ಇಸ್ತಾಂಬುಲಿನ ಪೇರಾ ವಸ್ತುಸಂಗ್ರಹಾಲಯದ ಸೊತ್ತಾಗಿದೆ.

ಒಸ್ಮಾನ್ ಹಮ್ದಿಯವರು 1910ರ ಫೆಬ್ರವರಿ 24ರಂದು, ನಿರ್ದೇಶಕರಾಗಿರುವಾಗಲೇ ತೀರಿಕೊಂಡರು. ಪ್ರತಿ ಬೇಸಗೆಯನ್ನು ಕಳೆಯುತ್ತಿದ್ದ ಎಸ್ಕಿಹಿಸಾರ್ ಎಂಬ ಕಡಲತೀರದ ಹಳ್ಳಿಯಲ್ಲಿ ಅವರ ಸಮಾಧಿ ಇದೆ. ಅಲ್ಲಿನ ಅವರ ಮನೆಯನ್ನು 1987ರಲ್ಲಿ ಸಂಗ್ರಹಾಲಯವಾಗಿ ಮಾಡಿದರು. ಅವರ ಸ್ಥಾನಕ್ಕೆ ತಮ್ಮ ಹಲೀಲ್ ಎದ್ಹೆಂ ಬಂದು 1931ರವರೆಗೆ ಆ ಕಾರ್ಯವನ್ನು ಮುಂದುವರಿಸಿದರು. ಸಾಮ್ರಾಜ್ಯ ಅಳಿದು ಗಣರಾಜ್ಯ ಬಂದಿತು. ಸಂಗ್ರಹಾಲಯದ ಬಾಗಿಲು ಮುಚ್ಚಲಿಲ್ಲ. ಅಂಕಾರಾದಲ್ಲಿ ಹಳೆಯ ಪೇಟೆಯ ಕಟ್ಟಡವೊಂದನ್ನು ದುರಸ್ತಿಮಾಡಿ ಅನಟೋಲಿಯ ನಾಗರಿಕತೆಗಳ ಸಂಗ್ರಹಾಲಯವನ್ನು ನೆಲೆಗೊಳಿಸಿದರು. ಅದು 1997ರಲ್ಲಿ ಯುರೋಪಿನ ವರ್ಷದ ಸಂಗ್ರಹಾಲಯವೆಂಬ ಪ್ರಶಸ್ತಿ ಪಡೆಯಿತು.

ನಾವು ತುರ್ಕಿಗೆ ಹೋಗುವ ಯೋಗ ಎಲ್ಲರಿಗೂ ಬರಲಾರದು. ಆದರೆ ಹೊಲದ ಬದುವಿನಲ್ಲಿ ಒರಗಿದ ವೀರಗಲ್ಲು, ಕೆರೆಯ ಏರಿಯ ಮೇಲೆ ಬಟ್ಟೆ ಒಗೆಯುವ ಚಪ್ಪಡಿಯಾದ ಶಾಸನ, ಮಾಡು ಕುಸಿದ ಗುಡಿ ನಮ್ಮಲ್ಲೂ ಉಂಟು. ಹಿತ್ತಲ ಗಿಡ ಮದ್ದಲ್ಲ ಎನ್ನುವಂತೆ ಅವುಗಳತ್ತ ನಮ್ಮ ಕಣ್ಣು ಹೊರಳುವುದಿಲ್ಲ. ನೆಲದಲ್ಲಿ ಹೂತ ನಿಧಿ ಸಿಕ್ಕಿದರೆ ಕಲೆಕ್ಟರರಿಗೆ ತಿಳಿಸಬೇಕೆಂಬ ಕಾಯಿದೆ ನಮ್ಮ ದೇಶದಲ್ಲಿ 1878ರಲ್ಲಿಯೇ ಬಂದಿದೆ. ಕಾಯಿದೆಯ ಜೊತೆಗೆ ಕಾಯುವ ಮನಸ್ಸೂ ಬೇಕು. ಮಕ್ಕಳೇ, ಈ ರಜೆಯಲ್ಲಿ ನಿಮ್ಮ ಊರಿನ ಒಂದು ಹಳೆಯ ಕಲ್ಲನ್ನು ಹುಡುಕಿರಿ. ಅದರ ಮೇಲೆ ಸುಣ್ಣ ಬಳಿಯಬೇಡಿ, ಹೆಸರು ಕೊರೆಯಬೇಡಿ. ಎಲ್ಲಿದೆ, ಎಷ್ಟು ಎತ್ತರ, ಏನು ಕೆತ್ತಿದೆ, ಊರಿನ ಅಜ್ಜ ಅಜ್ಜಿಯರು ಅದರ ವಿಷಯ ಏನು ಹೇಳುತ್ತಾರೆ ಎಂದು ಒಂದು ಹಾಳೆಯಲ್ಲಿ ಬರೆದು, ಚಿತ್ರವನ್ನೂ ಬಿಡಿಸಿ ತನ್ನಿರಿ. ಮುಂದಿನ ವರ್ಷದ ಸಂಚಿಕೆಯಲ್ಲಿ ಅವಕ್ಕೆ ಜಾಗ ಕಾದಿರಿಸುತ್ತೇವೆ.