ಒಂದೇ ಗುಂಪು, ಎರಡು ಸಂಬಂಧ: ಹೆರಾಲ್ಡ್ ಹೊಟೆಲಿಂಗ್

ಸಂಖ್ಯಾಶಾಸ್ತ್ರ ಓದುವವರೆಲ್ಲ ಸಹಸಂಬಂಧ ಗುಣಾಂಕ ಲೆಕ್ಕ ಹಾಕಲು ಕಲಿಯುತ್ತಾರೆ. ಎರಡು ಗುಣಾಂಕಗಳು ಎದುರಿಗಿದ್ದರೆ ದೊಡ್ಡದು ಯಾವುದೆಂದು ನೋಡಿ ಸುಮ್ಮನಾಗುತ್ತೇವೆ. ಆ ವ್ಯತ್ಯಾಸ ನಿಜವಾದದ್ದೋ ಬರೀ ಆಕಸ್ಮಿಕವೋ? ಎರಡೂ ಒಂದೇ ಗುಂಪಿನಿಂದ ಬಂದಿದ್ದಾಗ ಈ ಪ್ರಶ್ನೆಗೆ ಉತ್ತರಿಸುವ ಒಂದು ಪರೀಕ್ಷೆಯನ್ನು 1940ರಲ್ಲಿ ಕೊಟ್ಟವರು ಅಮೆರಿಕದ ಹೆರಾಲ್ಡ್ ಹೊಟೆಲಿಂಗ್.

ಹೊಟೆಲಿಂಗ್ ಹುಟ್ಟಿದ್ದು 1895ರ ಸೆಪ್ಟೆಂಬರ್ 29ರಂದು, ಮಿನ್ನೆಸೋಟ ರಾಜ್ಯದ ಫುಲ್ಡಾ ಎಂಬ ಊರಿನಲ್ಲಿ. ಬೆಳೆದದ್ದು ಸಿಯಾಟಲ್ ನಗರದಲ್ಲಿ. ಅಲ್ಲಿನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಅವರು ಆರಿಸಿಕೊಂಡದ್ದು ಗಣಿತವಲ್ಲ, ಪತ್ರಿಕೋದ್ಯಮ! ಮೊದಲ ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಿಸಿಕೊಂಡು ಹೇಸರಗತ್ತೆಗಳನ್ನು ನೋಡಿಕೊಳ್ಳುವ ಕೆಲಸ ಕೊಟ್ಟರು. ಡೈನಮೈಟ್ ಎಂಬ ಹೆಸರಿನ ಒಂದು ಹೇಸರಗತ್ತೆ ಅವರ ಕಾಲು ಮುರಿಯಿತು. ಅವರ ದಳ ಅವರನ್ನು ಬಿಟ್ಟು ಫ್ರಾನ್ಸಿಗೆ ಹೋಯಿತು. ಆ ಪ್ರಾಣಿಯೇ ತಮ್ಮ ಜೀವ ಉಳಿಸಿತೆಂದು ಅವರು ಆಮೇಲೆ ಹೇಳುತ್ತಿದ್ದರಂತೆ.

1919ರಲ್ಲಿ ಪತ್ರಿಕೋದ್ಯಮದ ಪದವಿ ಕೈಗೆ ಬಂತು. ಆದರೆ ಅಲ್ಲೇ ಪಾಠ ಮಾಡುತ್ತಿದ್ದ ಗಣಿತಜ್ಞ ಎರಿಕ್ ಟೆಂಪಲ್ ಬೆಲ್ ಅವರು ಈ ಹುಡುಗನ ಗಣಿತದ ಶಕ್ತಿಯನ್ನು ಗುರುತಿಸಿ ದಾರಿ ಬದಲಿಸಿದರು. ಒಬ್ಬ ಗುರುವಿನ ಕಣ್ಣಿಗೆ ಬೀಳುವುದು ಎಷ್ಟು ದೊಡ್ಡ ಭಾಗ್ಯ ನೋಡಿ. 1924ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಡಾಕ್ಟರೇಟ್ ಆಯಿತು. ಬಳಿಕ ಸ್ಟ್ಯಾನ್‌ಫರ್ಡ್‌ನ ಆಹಾರ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಸಂಖ್ಯಾಶಾಸ್ತ್ರ ಅವರನ್ನು ಹಿಡಿದುಕೊಂಡದ್ದು ಅಲ್ಲಿಯೇ. 1929ರಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್‌ಗೆ ಹೋಗಿ ರೊನಾಲ್ಡ್ ಫಿಶರ್ ಅವರ ಬಳಿ ಕಲಿತು ಬಂದರು. 1931ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು.

ಈಗ 1940ರ ಆ ಪ್ರಶ್ನೆಗೆ ಬರೋಣ. ಒಂದು ಕಾಲೇಜಿನಲ್ಲಿ 123 ವಿದ್ಯಾರ್ಥಿಗಳಿದ್ದಾರೆ ಎಂದಿಟ್ಟುಕೊಳ್ಳಿ. ವಾರ್ಷಿಕ ಪರೀಕ್ಷೆಯ ಅಂಕಗಳಿಗೂ ಎಸ್ಸೆಸ್ಸೆಲ್ಸಿ ಅಂಕಗಳಿಗೂ ಸಹಸಂಬಂಧ 0.60; ವಾರ್ಷಿಕ ಅಂಕಗಳಿಗೂ ಪ್ರವೇಶ ಪರೀಕ್ಷೆಯ ಅಂಕಗಳಿಗೂ 0.50. ಸೀಟು ಕೊಡುವಾಗ ಯಾವುದನ್ನು ನಂಬಬೇಕು? ಎರಡು ಬೇರೆ ಬೇರೆ ಕಾಲೇಜುಗಳ ಲೆಕ್ಕವೆಂದು ಭಾವಿಸಿ ಫಿಶರ್ ವಿಧಾನದಿಂದ ಹೋಲಿಸಿದರೆ ಬರುವುದು 1.11. ಸುಮಾರು 2 ದಾಟದೆ ವ್ಯತ್ಯಾಸವಿದೆ ಎನ್ನುವಂತಿಲ್ಲ. ಹಾಗಾಗಿ ಎರಡೂ ಸಮ ಎಂದು ಬಿಟ್ಟುಬಿಡುತ್ತೇವೆ.

ಆದರೆ ಇಲ್ಲಿರುವವರು ಅದೇ 123 ಮಂದಿ. ಅವರಲ್ಲಿ ಕೆಲವರು ಆಕಸ್ಮಿಕವಾಗಿ ಅಸಾಧಾರಣರಾಗಿದ್ದರೆ ಅದರ ಪರಿಣಾಮ ಎರಡೂ ಗುಣಾಂಕಗಳ ಮೇಲೆ ಬೀಳುತ್ತದೆ. ಎರಡೂ ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ. ಒಂದರಿಂದ ಇನ್ನೊಂದನ್ನು ಕಳೆದಾಗ ಆ ದೋಷದ ದೊಡ್ಡ ಪಾಲು ಅಳಿಸಿಹೋಗುತ್ತದೆ. ಇಂಥ ಗುಣಾಂಕಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆಂದು ಕಾರ್ಲ್ ಪಿಯರ್ಸನ್ ಮತ್ತು ಫಿಲಾನ್ 1898ರಲ್ಲೇ ತೋರಿಸಿದ್ದರು. ಹೊಟೆಲಿಂಗ್ ತಮ್ಮ ಸೂತ್ರದಲ್ಲಿ ಮೂರನೆಯ ಗುಣಾಂಕವನ್ನೂ ಸೇರಿಸಿದರು: ಎಸ್ಸೆಸ್ಸೆಲ್ಸಿಗೂ ಪ್ರವೇಶ ಪರೀಕ್ಷೆಗೂ ನಡುವಿನ ಸಂಬಂಧ. ಅದು 0.80 ಇದ್ದರೆ ಅವರ ಪರೀಕ್ಷೆಯ ಉತ್ತರ 2.17. ತೀರ್ಪು ತಿರುಗಿತು! ಅವೇ ಅಂಕಗಳು, ಅವರೇ ವಿದ್ಯಾರ್ಥಿಗಳು. ಸೀಟಿನ ನಿರ್ಧಾರ ಮಾತ್ರ ಬೇರೆ.

ಸೂತ್ರದಲ್ಲಿ ಒಂದು ಕೊರತೆ ಇತ್ತು. ಹೋಲಿಸುವ ಎರಡು ಅಳತೆಗಳ ಬೆಲೆಗಳು ಸ್ಥಿರವೆಂದು ಅದು ಹಿಡಿಯುತ್ತದೆ; ಆದರೆ ಬೇರೆ ವಿದ್ಯಾರ್ಥಿಗಳನ್ನು ತೆಗೆದುಕೊಂಡರೆ ಅವೂ ಬದಲಾಗುತ್ತವೆ. 1959ರಲ್ಲಿ ಇ. ಜೆ. ವಿಲಿಯಮ್ಸ್ ಅದನ್ನು ತಿದ್ದಿದರು; ನಮ್ಮ ಉದಾಹರಣೆಯಲ್ಲಿ ಆ ತಿದ್ದುಪಡಿಯಿಂದ ಬರುವುದು 2.16. ಇಂದು ಹೆಚ್ಚಾಗಿ ಬಳಸುವುದು ವಿಲಿಯಮ್ಸ್ ರೂಪವನ್ನೇ.

ಹೊಟೆಲಿಂಗ್ ಅವರ ಹೆಸರು ಹೆಚ್ಚು ಕೇಳಿಬರುವುದು 1931ರ ಟಿ-ವರ್ಗ ಪರೀಕ್ಷೆಯಿಂದ ಮತ್ತು 1933ರ ಪ್ರಧಾನ ಘಟಕ ವಿಶ್ಲೇಷಣೆಯಿಂದ. ನನಗೆ ಅವರಲ್ಲಿ ಅಷ್ಟೇ ದೊಡ್ಡದಾಗಿ ಕಾಣುವುದು ಇನ್ನೊಂದು ಗುಣ. ಯಹೂದಿಯೆಂಬ ಕಾರಣಕ್ಕೆ 1938ರಲ್ಲಿ ವಿಯೆನ್ನಾ ತೊರೆಯಬೇಕಾದ ಅಬ್ರಹಾಂ ವಾಲ್ಡ್ ಅವರಿಗೆ ಕೊಲಂಬಿಯಾದಲ್ಲಿ ನೆಲೆ ಒದಗಿಸಲು ನೆರವಾದವರು ಅವರೇ. 1946ರಲ್ಲಿ ನಾರ್ತ್ ಕೆರೊಲಿನಾದ ಚಾಪೆಲ್ ಹಿಲ್‌ಗೆ ಹೋಗಿ ಗಣಿತೀಯ ಸಂಖ್ಯಾಶಾಸ್ತ್ರದ ವಿಭಾಗ ಕಟ್ಟಿದರು. ಕೆಲವೇ ವರ್ಷಗಳಲ್ಲಿ ಕೋಲ್ಕತ್ತದ ಆರ್. ಸಿ. ಬೋಸ್ ಮತ್ತು ಎಸ್. ಎನ್. ರಾಯ್ ಆ ವಿಭಾಗದಲ್ಲಿ ಪ್ರಾಧ್ಯಾಪಕರಾದರು. ಹೊಟೆಲಿಂಗ್ 1973ರ ಡಿಸೆಂಬರ್ 26ರಂದು ತೀರಿಕೊಂಡರು.