ಕಾಲು ಸೋತವರಿಗೆ ಮೈಸೂರು ಅರಮನೆ

ಮಕ್ಕಳೇ,

ಈ ರಜೆಯಲ್ಲಿ ನಿಮ್ಮಲ್ಲಿ ಕೆಲವರಾದರೂ ಮೈಸೂರು ಅರಮನೆ ನೋಡಲು ಹೋಗುತ್ತೀರಿ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಎಷ್ಟೋ ಕನ್ನಡ ಮನೆಗಳ ಹುಟ್ಟೂರು ಉಡುಪಿ, ಮಂಗಳೂರಿನ ಕಡೆ. ಇನ್ನೆಷ್ಟೋ ಮನೆಗಳದು ವಿಜಯಪುರ, ಕಲಬುರಗಿಯ ಕಡೆ. ಹೀಗಾಗಿ ಊರಿನ ಓಡಾಟವೆಲ್ಲ ಮುಗಿದ ಮೇಲೆಯೇ ಮೈಸೂರಿನ ಸರದಿ. ಪನವೇಲಿನಲ್ಲಿ ಮತ್ಸ್ಯಗಂಧ ಹತ್ತಿ ಮಂಗಳೂರಲ್ಲಿ ಇಳಿದು, ಅಜ್ಜಿ ಮನೆ, ಮದುವೆ ಮನೆ, ದೇವಸ್ಥಾನ ಎಲ್ಲ ಸುತ್ತಿ, ಸಂಪಾಜೆ ಘಾಟಿಯ ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡು ಮೈಸೂರು ಮುಟ್ಟುವ ಹೊತ್ತಿಗೆ ಕಾಲು ಸೋತಿರುತ್ತದೆ, ಕಣ್ಣು ಎಳೆಯುತ್ತಿರುತ್ತದೆ. ಅಂಥ ದಿನ ಅಷ್ಟು ದೊಡ್ಡ ಅರಮನೆಯನ್ನು ಹೇಗೆ ನೋಡುವುದು?

ಎಲ್ಲವನ್ನೂ ನೋಡಲು ಹೋಗಬೇಡಿ. ಒಂದೇ ಒಂದು ಕಥೆ ತಲೆಯಲ್ಲಿಟ್ಟುಕೊಂಡು ಒಳಗೆ ಹೋಗಿ. ಅದು ಬೆಂಕಿಯ ಕಥೆ.

ಮದುವೆ ಮನೆಗೆ ಬಿದ್ದ ಬೆಂಕಿ

ಈಗಿನ ಅರಮನೆ ಇರುವ ಜಾಗದಲ್ಲಿ ಮೊದಲು ಮರದ ಅರಮನೆ ಇತ್ತು. ಮಹಾರಾಜ ಹತ್ತನೆಯ ಚಾಮರಾಜ ಒಡೆಯರು 1894ರಲ್ಲಿ ಕಲ್ಕತ್ತಕ್ಕೆ ಹೋದವರು ಅಲ್ಲೇ ತೀರಿಕೊಂಡರು. ಮಗ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಆಗ ಹತ್ತು ವರ್ಷ. ಐದನೇ ಕ್ಲಾಸಿಗೆ ಹೋಗುವ ವಯಸ್ಸಿನ ಹುಡುಗ ರಾಜ್ಯ ಆಳುವುದುಂಟೇ? ಅವರು ದೊಡ್ಡವರಾಗುವವರೆಗೆ ತಾಯಿ ಕೆಂಪನಂಜಮ್ಮಣ್ಣಿಯವರೇ ರಾಜ್ಯಭಾರ ಹೊತ್ತರು. ವಾಣಿವಿಲಾಸ ಸನ್ನಿಧಾನ ಎಂದು ಹೆಸರಾದ ಮಹಾರಾಣಿ ಇವರೇ.

1897ರ ಫೆಬ್ರವರಿ. ಹಿರಿಯ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂಭ್ರಮ. ಅದೇ ಹೊತ್ತಿನಲ್ಲಿ ಅರಮನೆಗೆ ಬೆಂಕಿ ಬಿತ್ತು. ಮರದ ಕಟ್ಟಡವಾದ್ದರಿಂದ ಬಹುಪಾಲು ಸುಟ್ಟೇಹೋಯಿತು. ಗಂಡ ತೀರಿಕೊಂಡು ಮೂರು ವರ್ಷ ತುಂಬಿರಲಿಲ್ಲ, ಮಗ ಇನ್ನೂ ಚಿಕ್ಕವನು, ಇದ್ದ ಮನೆಯೂ ಹೋಯಿತು. ಮಹಾರಾಣಿಯವರು ಕೈಕಟ್ಟಿ ಕೂರಲಿಲ್ಲ. ಅದೇ ವರ್ಷ ಅದೇ ಜಾಗದಲ್ಲಿ ಹೊಸ ಅರಮನೆಯ ಕೆಲಸ ಶುರುವಾಯಿತು. ನಕ್ಷೆ ಹಾಕಿದವರು ಹೆನ್ರಿ ಇರ್ವಿನ್. ಶಿಮ್ಲಾದಲ್ಲಿ ವೈಸ್‌ರಾಯ್ ನಿವಾಸ ಕಟ್ಟಿಸಿ ಹೆಸರಾಗಿದ್ದ ಇಂಜಿನಿಯರ್. ಹಿಂದಿನ ಪಾಠ ಮರೆಯುವಂತಿರಲಿಲ್ಲ. ಈ ಸಲ ಭಾರ ಹೊರುವ ಕೆಲಸವನ್ನು ಕಲ್ಲು, ಇಟ್ಟಿಗೆ, ಕಬ್ಬಿಣಕ್ಕೆ ಒಪ್ಪಿಸಿದರು; ಮರವನ್ನು ಬಾಗಿಲಿಗೂ ಕೆತ್ತನೆಗೂ ಇಟ್ಟುಕೊಂಡರು.

ಕೆಲಸ ಮುಗಿದದ್ದು 1912ರಲ್ಲಿ. ಆದ ಖರ್ಚು 41 ಲಕ್ಷ ರೂಪಾಯಿಗೂ ಮೇಲೆ. ಅಷ್ಟು ವರ್ಷ ದೊರೆಮನೆಯ ಸಮಾರಂಭಗಳಿಗೆ ಪಕ್ಕದ ಜಗನ್ಮೋಹನ ಅರಮನೆಯೇ ಆಸರೆ. 1902ರಲ್ಲಿ ನಾಲ್ವಡಿಯವರು ಅಧಿಕಾರ ವಹಿಸಿಕೊಂಡದ್ದೂ ಅಲ್ಲಿಯೇ.

ಇಲ್ಲೊಂದು ಲೆಕ್ಕ ಹಾಕಿ. ಠಾಣೆಗೆ ರೈಲು ಬಂದದ್ದು 1853ರಲ್ಲಿ. ನೀವು ಲೋಕಲ್‌ನಲ್ಲಿ ಹೋಗಿ ಇಳಿಯುವ ಸಿಎಸ್‌ಎಂಟಿಯ ಗೋಪುರದ ಕಟ್ಟಡ 1888ರ ಹೊತ್ತಿಗೆ ಸಿದ್ಧವಾಗಿತ್ತು. ಅರಮನೆ ಇವೆರಡಕ್ಕಿಂತ ಕಿರಿಯದು! ಅರಮನೆ ಎಂದರೆ ಬಿಲ್ಲು ಬಾಣದ ಕಾಲದ್ದು ಎಂದುಕೊಂಡು ಹೋದರೆ ಮೋಸ ಹೋಗುತ್ತೀರಿ. ಇದು ರೈಲು ಓಡುತ್ತಿದ್ದ, ಕಾರ್ಖಾನೆಗಳಲ್ಲಿ ಕಬ್ಬಿಣ ಎರಕ ಹೊಯ್ಯುತ್ತಿದ್ದ ಕಾಲದ ಅರಮನೆ.

ಒಳಗೆ ಹೋದಾಗ

ಬಾಗಿಲು ತೆಗೆಯುವುದು ಬೆಳಿಗ್ಗೆ ಹತ್ತಕ್ಕೆ. ಆಗಲೇ ಹೋದರೆ ನೂಕುನುಗ್ಗಲು ಕಡಿಮೆ. ಚಪ್ಪಲಿ ಹೊರಗೇ ಬಿಡಬೇಕು. ಬಸ್ಸಿನಲ್ಲಿ ಊದಿಕೊಂಡ ಪಾದಕ್ಕೆ ತಣ್ಣನೆ ನೆಲ ಹಿತವಾಗುತ್ತದೆ. ಮೂರಂತಸ್ತಿನ ಬೂದು ಕಲ್ಲಿನ ಕಟ್ಟಡ, ಮೇಲೆ ಗುಲಾಬಿ ಬಣ್ಣದ ಗುಮ್ಮಟಗಳು, ನಡುವೆ 145 ಅಡಿಯ ಗೋಪುರ. ಘೋಡಬಂದರ್ ರಸ್ತೆಯ ಟವರುಗಳಲ್ಲಿ ಬೆಳೆದ ನಿಮಗೆ ಈ ಎತ್ತರ ಏನೂ ಅನ್ನಿಸಲಿಕ್ಕಿಲ್ಲ. ಆದರೆ ಇಲ್ಲಿ ನೋಡಬೇಕಾದ್ದು ಎತ್ತರವನ್ನಲ್ಲ, ಕೈಕೆಲಸವನ್ನು.

ಮೊದಲು ಸಿಗುವುದು ಗೊಂಬೆ ತೊಟ್ಟಿ. ದಸರಾ ಹಬ್ಬಕ್ಕೆ ಗೊಂಬೆ ಕೂರಿಸುತ್ತಿದ್ದ ಜಾಗ. ಅದನ್ನು ದಾಟಿದರೆ ಆನೆ ಬಾಗಿಲು. ಆನೆ ಹೊರುವ ದಸರೆಯ ಚಿನ್ನದ ಅಂಬಾರಿ ನಿಮಗೆ ಗೊತ್ತಿರಬೇಕು. ತೂಕ ಸುಮಾರು 750 ಕಿಲೋ. ಹಿಂದೆ ಅದರಲ್ಲಿ ಮಹಾರಾಜರು ಕೂರುತ್ತಿದ್ದರು. ಈಗ ವಿಜಯದಶಮಿಯ ದಿನ ತಾಯಿ ಚಾಮುಂಡೇಶ್ವರಿಯ ಮೂರ್ತಿಯನ್ನು ಕೂರಿಸಿ, ಆನೆಯ ಮೇಲೆ ಬನ್ನಿಮಂಟಪದವರೆಗೆ ಕರೆದೊಯ್ಯುತ್ತಾರೆ. ಇದೇ ಜಂಬೂ ಸವಾರಿ.

ಕಾಲು ನಿಲ್ಲಬೇಕಾದ್ದು ಕಲ್ಯಾಣ ಮಂಟಪದಲ್ಲಿ. ಎಂಟು ಮೂಲೆಯ ವಿಶಾಲ ಮಂಟಪ; ದೊರೆಮನೆಯ ಮದುವೆ, ಹುಟ್ಟುಹಬ್ಬಗಳು ನಡೆಯುತ್ತಿದ್ದದ್ದು ಇಲ್ಲಿ. ಗೋಡೆಗೆ ಹತ್ತಿರ ಸರಿದು, ಜನರಿಗೆ ದಾರಿ ಬಿಟ್ಟು, ಕತ್ತೆತ್ತಿ ನೋಡಿ. ಮೇಲಿರುವುದು ಬಣ್ಣದ ಗಾಜಿನ ಛಾವಣಿ, ಅದರ ತುಂಬ ನವಿಲು. ಬಿಸಿಲು ಏರಿದಷ್ಟೂ ಗಾಜಿನ ನೀಲಿ, ಹಸಿರು ಹೊಳೆಯುತ್ತದೆ. ಕಣ್ಣು ಕೆಳಗಿಳಿಸಿದರೆ ನೆಲದ ಬಿಲ್ಲೆಗಳಲ್ಲೂ ನವಿಲಿನದೇ ಚಿತ್ತಾರ. ಈಗ ಕಂಬಗಳನ್ನು ನೋಡಿ. ಮೂರು ಮೂರು ಕಂಬಗಳ ಗೊಂಚಲು, ಮೈತುಂಬ ಬಣ್ಣ. ಮರವೋ ಕಲ್ಲೋ ಎನ್ನುವ ಹಾಗಿದ್ದರೂ ಇವು ಎರಕದ ಕಬ್ಬಿಣದವು. ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದಲ್ಲಿದ್ದ ವಾಲ್ಟರ್ ಮ್ಯಾಕ್‌ಫರ್ಲೇನ್ ಅವರ ಸಾರಸೆನ್ ಫೌಂಡ್ರಿಯಲ್ಲಿ ತಯಾರಾಗಿ, ಕಡಲು ದಾಟಿ ಬಂದವು. ಮದುವೆಯ ಹೊತ್ತಿನಲ್ಲಿ ಮನೆ ಸುಟ್ಟುಕೊಂಡವರು ಮದುವೆಯ ಮಂಟಪವನ್ನೇ ಕಬ್ಬಿಣ, ಗಾಜಿನಿಂದ ಕಟ್ಟಿಸಿದರು ನೋಡಿ!

ಮಂಟಪದ ಸುತ್ತಲ ಗೋಡೆಯ ಮೇಲೆ ದಸರಾ ಮೆರವಣಿಗೆಯ ದೊಡ್ಡ ತೈಲಚಿತ್ರಗಳಿವೆ, ಒಟ್ಟು 26. ಆನೆ, ಕುದುರೆ, ಸಿಪಾಯಿಗಳು, ಬ್ಯಾಂಡಿನವರು, ಸುತ್ತ ನೆರೆದ ಜನ. 1930–40ರ ದಶಕದ ದಸರಾ ಫೋಟೋಗಳನ್ನು ಎದುರಿಗಿಟ್ಟುಕೊಂಡು ಬರೆದ ಚಿತ್ರಗಳಿವು. ಟಿವಿ ಇಲ್ಲದ ಕಾಲದ ದಸರಾ ಹೀಗಿತ್ತು. ಎಲ್ಲ ಚಿತ್ರಗಳನ್ನೂ ನೋಡಬೇಕೆಂದಿಲ್ಲ. ಒಂದನ್ನು ಆರಿಸಿಕೊಂಡು ಅದರಲ್ಲಿರುವ ರುಮಾಲುಗಳನ್ನು ಎಣಿಸಿ.

ಮೇಲಂತಸ್ತಿನಲ್ಲಿ ಸಾರ್ವಜನಿಕ ದರ್ಬಾರ್ ಸಭಾಂಗಣ. ಒಂದು ಕಡೆ ಗೋಡೆಯೇ ಇಲ್ಲ. ಎದುರಿನ ಅಂಗಳದಲ್ಲಿ ನೆರೆದ ಜನಕ್ಕೆ ಮಹಾರಾಜರು ಕಾಣುವಂತೆ ಕಟ್ಟಿದ್ದು. ಗಾಳಿ ಚೆನ್ನಾಗಿ ಬೀಸುವುದರಿಂದ ದಣಿವಾರಿಸಿಕೊಳ್ಳಲು ಒಳ್ಳೆಯ ಜಾಗ. ಅಲ್ಲಿಂದ ಖಾಸಗಿ ದರ್ಬಾರ್ ನಡೆಯುತ್ತಿದ್ದ ಅಂಬಾವಿಲಾಸಕ್ಕೆ ಬಂದರೆ ಬಾಗಿಲುಗಳ ಹತ್ತಿರ ನಿಲ್ಲಿ. ಕಪ್ಪು ಬೀಟೆ ಮರದಲ್ಲಿ ಗೀರು ಕೊರೆದು, ಅದರೊಳಗೆ ದಂತದ ಚೂರು ಕೂರಿಸಿ ಬಳ್ಳಿ, ಹೂವು ಮೂಡಿಸಿದ್ದಾರೆ. ಇದು ಮೈಸೂರಿನ ಕುಶಲಕರ್ಮಿಗಳ ಕೈಚಳಕ. ದಂತ ಈಗ ಕಾನೂನಿನಲ್ಲಿ ನಿಷಿದ್ಧ, ಆನೆ ಉಳಿಯಬೇಕಲ್ಲ. ಕೆತ್ತಿ ಕೂರಿಸುವ ವಿದ್ಯೆ ಮಾತ್ರ ಮೈಸೂರಿನಲ್ಲಿ ಇನ್ನೂ ಇದೆ.

ಸಂಜೆಗೆ ಉಳಿದರೆ

ಭಾನುವಾರ ಅಥವಾ ಸರ್ಕಾರಿ ರಜೆಯ ದಿನವಾದರೆ ಸಂಜೆ ಏಳರ ಹೊತ್ತಿಗೆ ಮತ್ತೆ ಬನ್ನಿ. ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬುಗಳು ಒಂದೇ ಏಟಿಗೆ ಹತ್ತಿಕೊಳ್ಳುತ್ತವೆ. ಇದಕ್ಕೂ ಹಿನ್ನೆಲೆಯಿದೆ. ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುತ್ ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹರಿದದ್ದು 1902ರಲ್ಲಿ. ಅರಮನೆಯ ಕೆಲಸ ಇನ್ನೂ ನಡೆಯುತ್ತಿದ್ದಾಗಲೇ, 1908ರಲ್ಲಿ, ಮೈಸೂರಿಗೂ ಕರೆಂಟು ಬಂತು.

ಮರುದಿನ ಬಿಡುವಿದ್ದರೆ, ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊಂಡು, ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸಕ್ಕೆ ಹೋಗಿ. ಯಾರ ಮದುವೆಯ ಹೊತ್ತಿಗೆ ಬೆಂಕಿ ಬಿತ್ತೋ ಆ ರಾಜಕುಮಾರಿಗಾಗಿ 1905ರಲ್ಲಿ ಕಟ್ಟಿಸಿದ ಬಂಗಲೆ ಅದು. ಈಗ ಅಲ್ಲಿ ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯವಿದೆ. ಯಕ್ಷಗಾನದ ವೇಷ, ತೊಗಲುಗೊಂಬೆಗಳನ್ನು ಇಷ್ಟಪಡುವವರಿಗೆ ಅರಮನೆಗಿಂತ ಅದೇ ಹೆಚ್ಚು ಹಿಡಿಸೀತು.

ಹುಡುಕಿ ಬನ್ನಿ

1. ಅರಮನೆಯಲ್ಲಿ ಕಬ್ಬಿಣ ಎಲ್ಲೆಲ್ಲಿ ಕಂಡಿತು? ಮರ ಎಲ್ಲೆಲ್ಲಿ?
2. ಕಲ್ಯಾಣ ಮಂಟಪದಲ್ಲಿ ನವಿಲು ಎಷ್ಟು ಕಡೆ ಇದೆ?
3. ನೀವು ಆರಿಸಿಕೊಂಡ ದಸರಾ ಚಿತ್ರದಲ್ಲಿ ಎಷ್ಟು ರುಮಾಲುಗಳಿದ್ದವು?
4. ಸಿಎಸ್‌ಎಂಟಿಗೂ ಅರಮನೆಗೂ ಹೋಲಿಕೆ ಇರುವ ಒಂದು ಭಾಗ ಯಾವುದು?

ಉತ್ತರವನ್ನು ಕನ್ನಡದಲ್ಲೇ ಬರೆದು, ಜೊತೆಗೆ ಒಂದು ಚಿತ್ರ ಬಿಡಿಸಿ ನಮಗೆ ಕೊಡಿ. ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ, ತಿದ್ದಲು ನಾವಿದ್ದೇವೆ. ಹೋಗಲಾಗದವರು ಮನೆಯ ಹಿರಿಯರನ್ನು ಕೂರಿಸಿಕೊಂಡು, ಅವರು ನೋಡಿದ ಅರಮನೆ ಹೇಗಿತ್ತು ಎಂದು ಕೇಳಿ ಬರೆಯಿರಿ. ಅದನ್ನೂ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.