ವಿಮಾನ ಸುತ್ತು ಹಾಕಿ ಹೋಗುತ್ತದೆಯೇ? ನಕ್ಷೆಗಾರ ಮರ್ಕೇಟರ್ ಕಥೆ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ವಿಮಾನ ಎನ್ನುತ್ತಾರೆ, ನಕ್ಷೆಯಲ್ಲಿ ನೋಡಿದರೆ ದಾರಿ ಸೈಬೀರಿಯಾದ ಕಡೆಗೆ ಕಮಾನಿನಂತೆ ಬಾಗಿರುತ್ತದೆ. ಇಂಥ ಚಿತ್ರ ತೋರಿಸಿ, ಹೆಚ್ಚು ಹಣ ಕೀಳಲು ಬೇಕೆಂದೇ ಸುತ್ತಿಸುತ್ತಾರೆ ಎಂದು ಕೆಲವರು, ಭೂಮಿ ಚಪ್ಪಟೆ ಎನ್ನುವುದಕ್ಕೆ ಇದೇ ಸಾಕ್ಷಿ ಎಂದು ಇನ್ನು ಕೆಲವರು ಫಾರ್ವರ್ಡ್ ಮಾಡುತ್ತಾರೆ. ಎರಡೂ ತಪ್ಪು. ಯಾಕೆಂದು ತಿಳಿಯಲು ನಾವು ವಿಮಾನವೇ ಇಲ್ಲದ ಕಾಲದ ಒಬ್ಬರನ್ನು ಪರಿಚಯ ಮಾಡಿಕೊಳ್ಳಬೇಕು.

ಗೆರಾರ್ಡಸ್ ಮರ್ಕೇಟರ್ ಹುಟ್ಟಿದ್ದು 1512ರ ಮಾರ್ಚ್ 5ರಂದು, ಇಂದಿನ ಬೆಲ್ಜಿಯಂನ ರೂಪೆಲ್‌ಮೊಂಡೆಯಲ್ಲಿ. ತಂದೆ ಬೂಟು ಹೊಲಿಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಪಾದ್ರಿಯಾಗಿದ್ದ ಹತ್ತಿರದ ಸಂಬಂಧಿಯೊಬ್ಬರು ಹುಡುಗನನ್ನು ಓದಿಸಿದರು. ಮನೆತನದ ಹೆಸರು ಕ್ರೆಮರ್, ಅಂದರೆ ವ್ಯಾಪಾರಿ. ಅದರ ಲ್ಯಾಟಿನ್ ರೂಪವೇ ಮರ್ಕೇಟರ್. ಲ್ಯೂವೆನ್‌ನಲ್ಲಿ ಓದು ಮುಗಿಸಿ, ಗಣಿತಜ್ಞ ಗೆಮ್ಮಾ ಫ್ರಿಸಿಯಸ್ ಅವರ ಜೊತೆ ಕೆಲಸ ಮಾಡುತ್ತಾ ತಾಮ್ರದ ತಗಡಿನ ಮೇಲೆ ನಕ್ಷೆ ಕೆತ್ತುವುದರಲ್ಲಿ ಪಳಗಿದರು. 1541ರಲ್ಲಿ ತಮ್ಮದೇ ಗ್ಲೋಬ್ ತಯಾರಿಸಿದರು.

1544ರಲ್ಲಿ ಎಲ್ಲವೂ ತಲೆಕೆಳಗಾಯಿತು. ಕ್ಯಾಥೊಲಿಕ್ ಚರ್ಚಿನ ವಿರೋಧಿ ಎಂಬ ಅನುಮಾನದ ಮೇಲೆ ಅವರನ್ನು ಹುಟ್ಟೂರಿನ ಕೋಟೆಯಲ್ಲೇ ಸುಮಾರು ಏಳು ತಿಂಗಳು ಕೂಡಿಹಾಕಿದರು. ಅದೇ ಆರೋಪದಲ್ಲಿ ಸಿಕ್ಕಿಬಿದ್ದ ಕೆಲವರಿಗೆ ಮರಣದಂಡನೆಯಾಯಿತು. ಮರ್ಕೇಟರ್ ಪರವಾಗಿ ವಿಶ್ವವಿದ್ಯಾಲಯ ಮಾತಾಡಿತು, ಜೀವ ಉಳಿಯಿತು. 1552ರಲ್ಲಿ ಸಂಸಾರ ಸಮೇತ ಜರ್ಮನಿಯ ಡೂಯಿಸ್‌ಬರ್ಗ್‌ಗೆ ಹೊರಟುಹೋದರು.

ಆ ಊರಿನಲ್ಲೇ 1569ರಲ್ಲಿ, 18 ಹಾಳೆಗಳನ್ನು ಜೋಡಿಸಿದ ಅವರ ದೊಡ್ಡ ವಿಶ್ವ ನಕ್ಷೆ ಹೊರಬಂತು. ಅದು ನಾವಿಕರಿಗಾಗಿ ಮಾಡಿದ್ದು. ದಿಕ್ಸೂಚಿ ತೋರಿಸುವ ಒಂದೇ ದಿಕ್ಕನ್ನು ಹಿಡಿದು ಹಡಗು ನಡೆಸಿದರೆ, ಆ ದಾರಿ ಈ ನಕ್ಷೆಯಲ್ಲಿ ನೇರ ಗೆರೆಯಾಗಿ ಬರಬೇಕು. ಮೂಸಂಬಿ ಸಿಪ್ಪೆಯನ್ನು ಹರಿಯದೆ ಚಪ್ಪಟೆ ಮಾಡಲಾಗದು, ಎಲ್ಲಾದರೂ ಎಳೆಯಲೇಬೇಕು. ಮರ್ಕೇಟರ್ ಧ್ರುವಗಳ ಕಡೆಗೆ ಎಳೆದರು. ಅದಕ್ಕೇ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ, ನಿಜದಲ್ಲಿ ಆಫ್ರಿಕಾ ಅದರ ಸುಮಾರು 14 ಪಟ್ಟು. ನಮ್ಮ ಭಾರತವೂ ಗ್ರೀನ್‌ಲ್ಯಾಂಡ್‌ಗಿಂತ ಸುಮಾರು ಒಂದೂವರೆ ಪಟ್ಟು ದೊಡ್ಡದು!

ಈಗ ವಿಮಾನಕ್ಕೆ ಬರೋಣ. ಇದೇ ನಕ್ಷೆಯಲ್ಲಿ ಬೆಂಗಳೂರಿನಿಂದ ಪೂರ್ವಕ್ಕೆ, ಪೆಸಿಫಿಕ್ ಸಾಗರ ದಾಟಿ ಸ್ಯಾನ್ ಫ್ರಾನ್ಸಿಸ್ಕೋಗೆ ಸ್ಕೇಲ್ ಇಟ್ಟು ಗೆರೆ ಎಳೆಯಿರಿ. ನಾವು ಲೆಕ್ಕ ಹಾಕಿದಾಗ ಆ ದಾರಿ ಸುಮಾರು 16,100 ಕಿಲೋಮೀಟರ್ ಬಂತು. ಬಾಗಿದಂತೆ ಕಾಣುವ, ಸೈಬೀರಿಯಾ ಹಾಯುವ ದಾರಿ ಸುಮಾರು 14,000 ಮಾತ್ರ. ಗಂಟೆಗೆ 900 ಕಿಲೋಮೀಟರ್ ವೇಗದಲ್ಲಿ ಎರಡು ಗಂಟೆಗೂ ಹೆಚ್ಚು ಉಳಿತಾಯ, ಇಂಧನವಂತೂ ಟನ್‌ಗಟ್ಟಲೆ. ನಂಬಿಕೆ ಬರದಿದ್ದರೆ ಮಕ್ಕಳ ಗ್ಲೋಬ್ ತೆಗೆದುಕೊಂಡು ಎರಡು ಊರುಗಳ ನಡುವೆ ದಾರ ಬಿಗಿಯಾಗಿ ಎಳೆದು ನೋಡಿ. ದಾರ ತಾನಾಗಿಯೇ ಉತ್ತರಕ್ಕೆ ಜಾರುತ್ತದೆ.

ಹಾಗೆಂದು ಪ್ರತಿದಿನವೂ ಅದೇ ದಾರಿ ಎಂದಲ್ಲ. ಎತ್ತರದ ಗಾಳಿ, ಹವಾಮಾನ, ಯಾವ ದೇಶದ ಆಕಾಶ ತೆರೆದಿದೆ ಎನ್ನುವುದನ್ನು ನೋಡಿಕೊಂಡು ಮಾರ್ಗ ಬದಲಾಗುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿಂದಲೇ ವಿಮಾನ ತಂದರು, ಸುಮಾರು 17 ಗಂಟೆಯ ಹಾರಾಟ.

ದೂರ, ವಿಸ್ತೀರ್ಣ ಅಳೆಯಲೆಂದು ಮರ್ಕೇಟರ್ ಆ ನಕ್ಷೆ ಮಾಡಿರಲಿಲ್ಲ. ಶಾಲೆಯ ಗೋಡೆಗೆ ಅದನ್ನೇ ತೂಗುಹಾಕಿದ್ದು ನಂತರದವರು. ಅವರು 1594ರ ಡಿಸೆಂಬರ್ 2ರಂದು ಡೂಯಿಸ್‌ಬರ್ಗ್‌ನಲ್ಲಿ ತೀರಿಕೊಂಡರು. ಅರ್ಧಕ್ಕೆ ನಿಂತಿದ್ದ ನಕ್ಷೆಗಳ ಸಂಗ್ರಹವನ್ನು ಮಗ ರುಮೋಲ್ಡ್ ಮರುವರ್ಷ ಪ್ರಕಟಿಸಿದರು. ಅದಕ್ಕೆ ಅಪ್ಪ ಇಟ್ಟಿದ್ದ ಹೆಸರು ಅಟ್ಲಾಸ್. ನಕ್ಷೆ ಪುಸ್ತಕಕ್ಕೆ ನಾವು ಇವತ್ತಿಗೂ ಹೇಳುವುದು ಅದನ್ನೇ.